ಆಷಾಢದಲ್ಲಿ ಮದುವೆ ಬುಕಿಂಗು, ಕೆವೈಸಿ ಮಾತ್ರ ನಮಗೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬ್ಯಾಂಕ್ ಮೇಲಿನ ಸಿಟ್ಟೇ. ನಾನೂ ಮೂವತ್ತು ವರ್ಷ ಕೌಂಟರ್ ಹಿಂದೆ ಕೂತೋನು, ಬೈಗುಳದಲ್ಲಿ ನನ್ನ ಪಾಲು ತಗೊಂಡೇ ಉತ್ತರ ಬರೀತಿದೀನಿ.

ಸರ್, ನಾನು ರಿಟೈರ್ಡ್ ಮೇಷ್ಟ್ರು. ಪೆನ್ಶನ್ ಅಕೌಂಟಿಗೆ ಒಂದೇ ವರ್ಷದಲ್ಲಿ ಮೂರು ಸಲ ಕೆವೈಸಿ ಕೇಳಿದ್ರು. ಪೇಪರ್ ನೋಡಿದ್ರೆ ದೊಡ್ಡ ದೊಡ್ಡ ಬ್ಯಾಂಕುಗಳೇ ಕಳ್ಳದುಡ್ಡು ಬಿಳಿ ಮಾಡಿಕೊಡ್ತವಂತೆ. ನಾವೇನು ಕಳ್ಳರಾ?
ಒಬ್ಬ ಓದುಗರು, ಶಿವಮೊಗ್ಗ

ಮೇಷ್ಟ್ರೇ, ನೀವು ಕೈಗೆ ಸಿಗ್ತೀರಿ, ಅಷ್ಟೇ ನಿಮ್ಮ ತಪ್ಪು. ರಿಸರ್ವ್ ಬ್ಯಾಂಕ್ ರೂಲ್ಸ್ ಪ್ರಕಾರ ಕಡಿಮೆ ರಿಸ್ಕ್ ಇರೋ ಗ್ರಾಹಕರಿಗೆ ಕೆವೈಸಿ ಹೊಸದು ಮಾಡೋದು 10 ವರ್ಷಕ್ಕೊಂದು ಸಲ, ಹೆಚ್ಚು ರಿಸ್ಕ್ ಇರೋರಿಗೆ 2 ವರ್ಷಕ್ಕೊಂದು ಸಲ. ನಿಮ್ಮ ವಿಳಾಸ ಬದಲಾಗಿಲ್ಲ ಅಂದ್ರೆ ‘ಏನೂ ಬದಲಾಗಿಲ್ಲ’ ಅಂತ ಒಂದು ಸ್ವಯಂ ಘೋಷಣೆ ಕೊಟ್ರೆ ಸಾಕು. ಇನ್ಮೇಲೆ ಏನೇ ಕೊಟ್ರೂ ಇನ್ನೊಂದು ಜೆರಾಕ್ಸ್ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಮತ್ತೆ ಕೇಳಿದ್ರೆ ಲಿಖಿತ ದೂರು ಕೊಡಿ, 30 ದಿನದಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ರಿಸರ್ವ್ ಬ್ಯಾಂಕಲ್ಲಿ ಒಂಬುಡ್ಸ್‌ಮನ್ ಅಂತ ಗ್ರಾಹಕರ ದೂರು ವಿಚಾರಿಸೋರು ಇದಾರೆ, ಅವರಿಗೆ ಬರೀರಿ, ದುಡ್ಡೇನೂ ಕೊಡೋ ಹಾಗಿಲ್ಲ, ವಿಚಾರಿಸೋಕೆ ನಂಬರ್ 14448.

ಇನ್ನು ಬಿಳಿ ಮಾಡೋ ವಿಷಯ. ಪೇಪರ್‌ನೋರು ‘ಅಕ್ರಮ ಹಣ ವರ್ಗಾವಣೆ’ ಅಂತ ಬರೀತಾರೆ, ಆ ಮಾತು ಓದಿದ್ರೆ ಯಾರೋ ಚಲನ್ ತಪ್ಪಾಗಿ ತುಂಬಿದಾರೇನೋ ಅನ್ಸುತ್ತೆ. ನಿಜವಾಗಿ ನಡೆಯೋದು ಹಿಂಗೆ. ಒಬ್ಬನ ಹತ್ರ ಲಂಚದ್ದೋ ಗಾಂಜಾದ್ದೋ ಒಂದು ಕೋಟಿ ಕ್ಯಾಶ್ ಇದೆ ಅನ್ಕೊಳ್ಳಿ, ಅವನು ಒಂದು ಕಲ್ಯಾಣ ಮಂಟಪ ಲೀಸಿಗೆ ತಗೋತಾನೆ. ಆಷಾಢ ಮಾಸ, ಊರಲ್ಲಿ ಒಂದೂ ಮದುವೆ ಇಲ್ಲ, ವಾಲಗದೋರು ಮನೇಲಿ ಮಲಗಿದಾರೆ, ಅಡುಗೆ ಭಟ್ಟರು ಊರಿಗೆ ಹೋಗಿದಾರೆ, ಆದ್ರೆ ಮಂಟಪದ ರಸೀದಿ ಬುಕ್ಕಲ್ಲಿ ಮಾತ್ರ ಇಪ್ಪತ್ತು ಮದುವೆ! ಬಾಡಿಗೆ ಬಂತು ಅಂತ ಕ್ಯಾಶ್ ಬ್ಯಾಂಕಿಗೆ ಕಟ್ಟಿದ, ನಿಯತ್ತಾಗಿ ಟ್ಯಾಕ್ಸೂ ಕಟ್ಟಿದ, ಉಳಿದಿದ್ದೆಲ್ಲ ಬಿಳಿ. ಅದು ಅಲ್ಲಿಂದ ಬಾಮೈದನ ಕಂಪನಿಗೆ ಸಾಲವಾಗಿ ಹೋಗುತ್ತೆ, ಅಲ್ಲಿಂದ ಇನ್ನೊಂದು ಕಂಪನಿಗೆ ಷೇರಾಗಿ, ಕೊನೆಗೆ ಹೆಂಡತಿ ಹೆಸರಲ್ಲಿ ಸೈಟಾಗಿ ನಿಲ್ಲುತ್ತೆ. ಕೌಂಟರಲ್ಲಿ ಕೂತೋನಿಗೆ ಪಂಚಾಂಗ ಗೊತ್ತಿದ್ರೆ ಮೊದಲನೇ ವಾರವೇ ಹಿಡೀಬಹುದು. ಇದಕ್ಕೆ ಕಾನೂನಿಲ್ಲ ಅಂತಲ್ಲ, 2002ರಲ್ಲಿ ಪಾಸಾಗಿ 2005ರ ಜುಲೈಯಿಂದ ಜಾರಿಯಲ್ಲಿದೆ, 10 ಲಕ್ಷ ದಾಟಿದ ಕ್ಯಾಶ್ ವ್ಯವಹಾರ, ಅನುಮಾನ ಬಂದ ವ್ಯವಹಾರ ಎಲ್ಲವನ್ನೂ ಬ್ಯಾಂಕು ದಿಲ್ಲಿಯ ಹಣಕಾಸು ಗುಪ್ತಚರ ಘಟಕಕ್ಕೆ ರಿಪೋರ್ಟ್ ಮಾಡ್ಲೇಬೇಕು. ಆದ್ರೆ ಅನುಮಾನ ಬರಬೇಕಲ್ಲ, ಅಷ್ಟು ಡೆಪಾಸಿಟ್ ತರೋ ಗಿರಾಕಿ ಬಂದ್ರೆ ಮ್ಯಾನೇಜರ್ ರೂಮಿಗೆ ಕರೆದು ಕಾಫಿ ಕೊಡ್ತಾರೆ, ನಾನೇ ತರಿಸಿಕೊಟ್ಟಿದೀನಿ.

ದೊಡ್ಡ ಬ್ಯಾಂಕ್ ಅಂದ್ರಲ್ಲ, ಎಚ್‌ಎಸ್‌ಬಿಸಿ ಅನ್ನೋ ಬ್ರಿಟಿಷ್ ಬ್ಯಾಂಕಿನ ಕಥೆ ಕೇಳಿ. ಮೆಕ್ಸಿಕೋದಲ್ಲಿ ಡ್ರಗ್ಸ್ ಗ್ಯಾಂಗಿನವರು ಅದರ ಶಾಖೆಗಳಿಗೆ ಒಂದೇ ದಿನದಲ್ಲಿ ಒಂದೇ ಅಕೌಂಟಿಗೆ ಲಕ್ಷಗಟ್ಟಲೆ ಡಾಲರ್ ಕ್ಯಾಶ್ ತಂದು ಕಟ್ತಿದ್ರು, ಎಣಿಸೋನ ಕಿಟಕಿ ಎಷ್ಟಗಲ ಇದೆಯೋ ಅದೇ ಅಳತೆಗೆ ಡಬ್ಬ ಮಾಡಿಸಿಕೊಂಡು. ಕಿಟಕಿ ಅಳತೆ ತಗೊಂಡು ಹೋಗೋವರೆಗೂ ಒಳಗೆ ಕೂತೋರು ಏನ್ ಮಾಡ್ತಿದ್ರೋ! 2012ರ ಡಿಸೆಂಬರಲ್ಲಿ ಅಮೆರಿಕ ಸರ್ಕಾರಕ್ಕೆ ಸುಮಾರು 190 ಕೋಟಿ ಡಾಲರ್ ಕಟ್ಟಿ ಒಪ್ಪಂದ ಮಾಡ್ಕೊಂಡ್ರು, ಆ ಕೇಸಲ್ಲಿ ಒಬ್ಬ ಅಧಿಕಾರಿಯೂ ಜೈಲಿಗೆ ಹೋಗ್ಲಿಲ್ಲ. ನಮ್ಮಲ್ಲೂ ದೊಡ್ಡ ಬ್ಯಾಂಕಿನ ಕಥೆ ಇದೆ, ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಬ್ರಾಡಿ ಹೌಸ್ ಶಾಖೆಯಿಂದ ನೀರವ್ ಮೋದಿ ಕಡೆಯವರಿಗೆ ವರ್ಷಗಟ್ಟಲೆ ಗ್ಯಾರಂಟಿ ಪತ್ರ ಹೋಗ್ತಾನೇ ಇತ್ತು, ಮೆಸೇಜ್ ಕಳಿಸೋ ಸ್ವಿಫ್ಟ್ ಮಷಿನ್ನು ಬ್ಯಾಂಕಿನ ಲೆಕ್ಕದ ಕಂಪ್ಯೂಟರಿಗೆ ಜೋಡಣೆಯೇ ಆಗಿರ್ಲಿಲ್ಲ, 2018ರ ಫೆಬ್ರವರಿಯಲ್ಲಿ ಹೊರಗೆ ಬಂದು ಕೊನೆಗೆ ಲೆಕ್ಕ 13,000 ಕೋಟಿ ದಾಟಿತು. ನಮ್ಮ ಕಾಲದಲ್ಲಿ ಸಂಜೆ ಏಳು ರೂಪಾಯಿ ಟ್ಯಾಲಿ ಆಗ್ಲಿಲ್ಲ ಅಂದ್ರೆ ಯಾರನ್ನೂ ಮನೆಗೆ ಬಿಡ್ತಿರ್ಲಿಲ್ಲ, ನಾನು ಒಂದ್ಸಲ ನನ್ನ ಜೇಬಿಂದಲೇ ಏಳು ರೂಪಾಯಿ ಹಾಕಿ ಕೊನೇ ಬಸ್ ಹಿಡಿದಿದೀನಿ.

ನನ್ನ ಮಗ ದಾವಣಗೆರೆಯಲ್ಲಿ ಬಿಕಾಂ ಓದ್ತಿದಾನೆ. ಯಾರೋ ಫ್ರೆಂಡು ‘ನಿನ್ನ ಅಕೌಂಟ್ ಬಾಡಿಗೆಗೆ ಕೊಡು, ತಿಂಗಳಿಗೆ ಐದು ಸಾವಿರ, ಎಟಿಎಂ ಕಾರ್ಡು, ಸಿಮ್ಮು ಕೊಟ್ರೆ ಆಯ್ತು’ ಅಂದನಂತೆ. ಕೊಡಬಹುದಾ?
ಹೆಸರು ಬೇಡ ಅಂದಿರೋ ತಾಯಿ

ಅಮ್ಮಾ, ಇದನ್ನ ಓದಿದ ತಕ್ಷಣ ಮಗನಿಗೆ ಫೋನ್ ಮಾಡಿ. ಕೊಟ್ಟಾಗಿದ್ರೆ ಇವತ್ತೇ ಕಾರ್ಡ್ ಬ್ಲಾಕ್ ಮಾಡಿಸಿ, ಬ್ರಾಂಚಿಗೂ ಸೈಬರ್ ಪೊಲೀಸರಿಗೂ ಬರೆದು ಕೊಡಲಿ. ಇದಕ್ಕೆ ಮ್ಯೂಲ್ ಅಕೌಂಟ್ ಅಂತಾರೆ, ಮ್ಯೂಲ್ ಅಂದ್ರೆ ಹೇಸರಗತ್ತೆ, ಹೊರೋದು ಅದು, ಮಾಲು ಇನ್ಯಾರದ್ದೋ. ವಿಡಿಯೋ ಕಾಲಲ್ಲಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸಿ ಯಾವುದೋ ಅಜ್ಜಿಯಿಂದ ಕಿತ್ಕೊಂಡ ದುಡ್ಡು ಮೊದಲು ಬಂದು ಬೀಳೋದೇ ಇಂಥ ಹುಡುಗರ ಅಕೌಂಟಿಗೆ, ಅಲ್ಲಿಂದ ಕೆಲವೇ ನಿಮಿಷದಲ್ಲಿ ಹತ್ತು ಕಡೆ ಚೆದುರುತ್ತೆ. ಪೊಲೀಸರ ಕೈಗೆ ಸಿಗೋ ಮೊದಲನೇ ಹೆಸರು, ಫೋಟೋ, ಆಧಾರ್ ನಿಮ್ಮ ಮಗಂದು. ಐದು ಸಾವಿರ ಕೊಟ್ಟೋನ ಹೆಸರೂ ಇವನಿಗೆ ಸರಿಯಾಗಿ ಗೊತ್ತಿರಲ್ಲ.

ತಳ್ಳೋ ಗಾಡೀಲಿ ಹಣ್ಣು ಮಾರ್ತೀನಿ. ಯಾರೋ ಫೋನ್‌ಪೇ ಮಾಡಿದ್ದಕ್ಕೆ ನಮ್ಮ ಪಕ್ಕದೋನ ಅಕೌಂಟೇ ಫ್ರೀಜ್ ಆಯ್ತು. ನಾನು ಇನ್ಮೇಲೆ ಕ್ಯಾಶ್ ಮಾತ್ರ ತಗೊಳ್ಳಲಾ?
ತುಮಕೂರು

ಅದೇ ಹೇಸರಗತ್ತೆ ದುಡ್ಡು ಅಣ್ಣ. ಕದ್ದೋನು ಬಾಳೆಹಣ್ಣೂ ತಿಂತಾನೆ ನೋಡಿ, ಅವನು ಕೊಟ್ಟ ಇನ್ನೂರು ರೂಪಾಯಿ ಹಿಂದೆ ದೂರು ಹೊರಟ್ರೆ ಅದು ನಿಮ್ಮ ಗಾಡಿವರೆಗೂ ಬರುತ್ತೆ. ಪಕ್ಕದೋರಿಗೆ ಹೇಳಿ, ಬ್ಯಾಂಕಲ್ಲಿ ಯಾವ ಠಾಣೆ, ದೂರಿನ ನಂಬರ್ ಏನು, ಎಷ್ಟು ದುಡ್ಡಿಗೆ ತಕರಾರು ಅಂತ ಲಿಖಿತವಾಗಿ ಕೇಳಲಿ. ಪೊಲೀಸರು ಹೇಳಿದ ಮೊತ್ತ ಎಷ್ಟೋ ಅಷ್ಟನ್ನೇ ತಡೀಬೇಕು, ಇಡೀ ಅಕೌಂಟ್ ಮುಚ್ಚೋ ಹಾಗಿಲ್ಲ ಅಂತ ಕೇರಳ ಹೈಕೋರ್ಟು 2023ರಲ್ಲಿ ಹೇಳಿದೆ, ಅದನ್ನ ಅರ್ಜಿಯಲ್ಲಿ ಬರೀಬಹುದು. ಸ್ಕ್ಯಾನರ್ ತೆಗೀಬೇಡಿ, ಗಿರಾಕಿ ಮುಂದಿನ ಗಾಡಿಗೆ ಹೋಗ್ತಾನೆ. ವ್ಯಾಪಾರಕ್ಕೊಂದು, ಮನೆ ಖರ್ಚಿಗೊಂದು ಬೇರೆ ಬೇರೆ ಅಕೌಂಟ್ ಇಟ್ಕೊಳ್ಳಿ.

ದೊಡ್ಡ ಬ್ಯಾಂಕುಗಳ ಸಹವಾಸವೇ ಸಾಕು ಅನ್ಸಿದೆ. ಎಲ್ಲ ಎಫ್‌ಡಿ ಮುರಿದು ನಮ್ಮ ಊರಿನ ಸೌಹಾರ್ದ ಸೊಸೈಟಿಯಲ್ಲಿ ಇಡೋಣ ಅಂತ, 11 ಪರ್ಸೆಂಟ್ ಕೊಡ್ತಾರೆ, ಎಲ್ಲ ಗೊತ್ತಿರೋರೇ.
ಹಾಸನ

ಗೊತ್ತಿರೋರು ಅನ್ನೋ ಮಾತಿಗೇ ನನಗೆ ಭಯ. ನಮ್ಮ ಸೋದರತ್ತೆ ಗಂಡನ ಪಿಎಫ್ ದುಡ್ಡೆಲ್ಲ ಒಂದು ಸಹಕಾರ ಬ್ಯಾಂಕಲ್ಲಿ ಇಟ್ಟಿದ್ರು, ಹೆಸರು ಬೇಡ. ಎಫ್‌ಡಿ ಬಾಂಡುಗಳನ್ನ ಸೀರೆ ಅಂಗಡಿ ಕವರಲ್ಲಿ ಹಾಕಿ ದೇವರ ಮನೇಲಿ ಇಟ್ಟು ಲಕ್ಷ್ಮೀ ಹಬ್ಬಕ್ಕೆ ಅದಕ್ಕೂ ಅರಿಶಿನ ಕುಂಕುಮ ಹಚ್ಚೋರು. ಬ್ಯಾಂಕ್ ಬಾಗಿಲಲ್ಲಿ ಕ್ಯೂ ನಿಂತಾಗ ಆ ಅರಿಶಿನದ ಬಾಂಡೇ ಕೈಯಲ್ಲಿತ್ತು, ಒಳಗಿದ್ದೋರು ಎಲ್ಲ ಗೊತ್ತಿರೋರೇ, ಒಬ್ಬರೂ ತಲೆ ಎತ್ತಿ ನೋಡ್ಲಿಲ್ಲ.

2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಒಬ್ಬೊಬ್ಬರು ತೆಗೀಬಹುದಾಗಿದ್ದು 35,000 ಮಾತ್ರ. ಅದಕ್ಕೂ ಮುಂಚೆ 2019ರ ಸೆಪ್ಟೆಂಬರಲ್ಲಿ ಮುಂಬೈನ ಪಿಎಂಸಿ ಬ್ಯಾಂಕಲ್ಲಿ ಶುರುವಿಗೆ ಬರೀ 1,000 ರೂಪಾಯಿ ಅಂದ್ರು, ಒಂದು ಬಿಲ್ಡರ್ ಕಂಪನಿಗೆ ಕೊಟ್ಟ ಸಾಲ ಮುಚ್ಚಿಡೋಕೆ 21,000ಕ್ಕೂ ಹೆಚ್ಚು ಸುಳ್ಳು ಅಕೌಂಟ್ ಸೃಷ್ಟಿ ಮಾಡಿದ್ರು ಅಲ್ಲಿ. ಆದ್ರೂ ಅವೆರಡೂ ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇದ್ದ ಬ್ಯಾಂಕುಗಳು, ಅಲ್ಲಿಟ್ಟ ದುಡ್ಡಿಗೆ ವಿಮೆ ಇತ್ತು. 2020ರ ಫೆಬ್ರವರಿಯಲ್ಲಿ ಆ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು, 2021ರ ತಿದ್ದುಪಡಿ ಆದ್ಮೇಲೆ ನಿರ್ಬಂಧ ಬಿದ್ದ 90 ದಿನದೊಳಗೆ ಕೊಡಬೇಕು ಅಂತಾಯ್ತು. ಒಬ್ಬರಿಗೆ ಒಂದು ಬ್ಯಾಂಕಲ್ಲಿ ಅಸಲು ಬಡ್ಡಿ ಎಲ್ಲ ಸೇರಿ 5 ಲಕ್ಷ, ಅದೇ ಬ್ಯಾಂಕಿನ ನಾಲ್ಕು ಬ್ರಾಂಚಲ್ಲಿ ಹಂಚಿಟ್ರೂ ಅಷ್ಟೇ. ನಿಮ್ಮ ಸೊಸೈಟಿಗೆ ಬ್ಯಾಂಕ್ ಲೈಸೆನ್ಸ್ ಇಲ್ಲ ಅಂದ್ರೆ ಈ ವಿಮೆ ಒಂದು ರೂಪಾಯಿಗೂ ಇಲ್ಲ. ಬೋರ್ಡ್ ಎಷ್ಟು ದೊಡ್ಡದಾಗಿದ್ರೂ ಒಳಗೆ ಹೋಗಿ ಕೇಳಿ, ‘ಡಿಐಸಿಜಿಸಿ ವಿಮೆ ಇದೆಯಾ?’ ಅಂತ, ಈ ವಿಮೆ ಕೊಡೋ ರಿಸರ್ವ್ ಬ್ಯಾಂಕಿನ ಸಂಸ್ಥೆ ಹೆಸರು ಅದು. ಅವರು ಕಾಫಿ ತರಿಸಿದ್ರೆ ಎದ್ದು ಬನ್ನಿ. ದೊಡ್ಡ ಬ್ಯಾಂಕ್ ಮೇಲೆ ಸಿಟ್ಟಿದ್ರೆ ಎರಡು ಮೂರು ಬ್ಯಾಂಕಲ್ಲಿ ಹಂಚಿಡಿ, ಸಿಟ್ಟೂ ಹಂಚಿಹೋಗುತ್ತೆ.

ನಮ್ಮಮ್ಮ ತೀರಿಕೊಂಡು ಹದಿನಾಲ್ಕು ವರ್ಷ ಆಯ್ತು, ಈಗ ಅವರ ಹಳೇ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್ ಸಿಕ್ಕಿದೆ, ಪಿಗ್ಮಿ ಕಟ್ತಿದ್ರು. ಬ್ಯಾಂಕೇ ಇಲ್ವಲ್ಲ ಈಗ, ದುಡ್ಡೂ ಹೋಯ್ತಾ?
ಉಡುಪಿ

ಹೋಗಿಲ್ಲ. ನಿಮ್ಮ ಊರಿನ ಆ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಶುರು ಮಾಡಿತ್ತು, ಮನೆ ಬಾಗಿಲಿಗೆ ಬಂದು ತಗೊಂಡು ಹೋಗೋರು, ಅಷ್ಟು ನಂಬಿಕೆ. 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕ್ ಜೊತೆ ಸೇರಿಹೋಯ್ತು, ಹಾಗಾಗಿ ಕೊಡಬೇಕಾದೋರು ಈಗ ಅವರೇ. 10 ವರ್ಷ ಯಾರೂ ಮುಟ್ಟದ ದುಡ್ಡು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗಿರುತ್ತೆ, ಹೋದ್ರೂ ವಾರಸುದಾರರು ಬ್ಯಾಂಕ್ ಮೂಲಕವೇ ಕೇಳಿ ತಗೋಬಹುದು. 2023ರಲ್ಲಿ ಬಂದ ‘ಉದ್ಗಮ್’ ಪೋರ್ಟಲಲ್ಲಿ ಅಮ್ಮನ ಹೆಸರು ಹಾಕಿ ಹುಡುಕಿ. ಮರಣ ಪತ್ರ, ಪಾಸ್‌ಬುಕ್ಕು, ನೀವು ವಾರಸುದಾರರು ಅನ್ನೋದಕ್ಕೆ ದಾಖಲೆ, ಇಷ್ಟು ಹಿಡ್ಕೊಂಡು ಬ್ರಾಂಚಿಗೆ ಹೋಗಿ. ನಿಮ್ಮ ಕೆವೈಸಿ ಕೇಳ್ತಾರೆ, ಕೊಟ್ಟುಬಿಡಿ. ಸೀಲ್ ಮರೀಬೇಡಿ.