ವೈವಾಕ್ಸ್ ಮಲೇರಿಯಾ ಮತ್ತೆ ಬಂತು ಅಂದರೆ ಮದ್ದು ಸೋತಿತು ಅಂತಾನಾ?

ಎರಡು ತಿಂಗಳ ಹಿಂದೆ ವೈವಾಕ್ಸ್ ಮಲೇರಿಯಾ ಬಂದು ಕ್ಲೋರೋಕ್ವಿನ್‌ನಲ್ಲಿ ವಾಸಿಯಾಯಿತು, ಈಗ ಮತ್ತೆ ಅದೇ ಜ್ವರ, ರೋಗಾಣು ಮದ್ದಿಗೆ ಬಗ್ಗುತ್ತಿಲ್ಲವಾ ಅಂತ ಕೇಳಿದ್ದೀರಿ. ಬಹುಶಃ ಹಾಗಲ್ಲ. ನಾನು ಡಾಕ್ಟರ್ ಅಲ್ಲ, ಆದರೆ ಮಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಇದೇ ಪಾಡು ಪಟ್ಟವನು.

ಆಗ ಮೂರು ದಿನದ ಕ್ಲೋರೋಕ್ವಿನ್ ಜೊತೆ 14 ದಿನಕ್ಕೆ ಪ್ರಿಮಾಕ್ವಿನ್ ಕೊಟ್ಟಿದ್ದರು. ಜ್ವರ ಬಿಟ್ಟಿತಲ್ಲ, ಹೊಟ್ಟೆ ಬೇರೆ ತೊಳಸುತ್ತಿತ್ತು (ಊಟಕ್ಕೆ ಮೊದಲೇ ನುಂಗುತ್ತಿದ್ದೆ, ನನ್ನದೇ ದಡ್ಡತನ), ಐದನೇ ದಿನಕ್ಕೆ ಸುಮ್ನೆ ಬಿಟ್ಟುಬಿಟ್ಟೆ. ಎರಡು ತಿಂಗಳಾಗುವಷ್ಟರಲ್ಲಿ ಮತ್ತೆ ಚಳಿ, ನಡುಕ. ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುವನ್ನು ಮಾತ್ರ ಕೊಲ್ಲುತ್ತದೆ. ವೈವಾಕ್ಸ್ ಲಿವರ್‌ನಲ್ಲೂ ಅಡಗಿ ಮಲಗಿರುತ್ತದೆ, ವಾರಗಳೋ ತಿಂಗಳುಗಳೋ ಬಿಟ್ಟು ಎದ್ದು ಬರುತ್ತದೆ. ಅದನ್ನು ಅಲ್ಲೇ ಮುಗಿಸುವುದು ಪ್ರಿಮಾಕ್ವಿನ್. ನೀವು ಅದನ್ನು ಪೂರ್ತಿ ತಗೊಂಡಿದ್ರಾ? ತಗೊಂಡಿದ್ದರೆ, ಹೊಸದಾಗಿ ಸೊಳ್ಳೆ ಕಚ್ಚಿರಲೂಬಹುದು.

ಮದ್ದಿಗೆ ಬಗ್ಗದ ಕಥೆ ಜಾಸ್ತಿ ಇರುವುದು ಮಲೇರಿಯಾ ತರುವ ಇನ್ನೊಂದು ರೋಗಾಣು ಫಾಲ್ಸಿಪಾರಂನದು. ನಮ್ಮ ದೇಶದಲ್ಲಿ ಅದು ಕ್ಲೋರೋಕ್ವಿನ್‌ಗೆ ಸೊಪ್ಪು ಹಾಕದ್ದು ಮೊದಲು ಕಂಡದ್ದು 1973ರಲ್ಲಿ, ಅಸ್ಸಾಂನಲ್ಲಿ. ಆಮೇಲೆ ಆರ್ಟಿಸುನೇಟ್ ಬಂತು. ಅದು ರೋಗಾಣುವನ್ನು ಬೇಗ ಬಡಿಯುತ್ತದೆ, ಆದರೆ ಕೆಲವೇ ಗಂಟೆಗಳಲ್ಲಿ ಮೈಯಿಂದ ಹೋಗಿಬಿಡುತ್ತದೆ, ಅದಕ್ಕೇ ಉಳಿದದ್ದನ್ನು ಗುಡಿಸಲು ಜಾಸ್ತಿ ದಿನ ನಿಲ್ಲುವ ಇನ್ನೊಂದು ಮದ್ದನ್ನು ಜೋಡಿಸಿ ಕೊಡುತ್ತಾರೆ. ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೆ ಸಾಯಬೇಕು, ಅದು ಲೆಕ್ಕಾಚಾರ. ಈಶಾನ್ಯ ರಾಜ್ಯಗಳಲ್ಲಿ ಆ ಜೊತೆಗಾರ ಮದ್ದೇ ಸೋತಿತು, ಅಲ್ಲಿ 2013ರಿಂದ ಆರ್ಟಿಮೆಥರ್ ಮತ್ತು ಲ್ಯುಮೆಫ್ಯಾಂಟ್ರಿನ್ ಜೋಡಿ ಬಂತು. ಕಾಂಬೋಡಿಯಾದಲ್ಲಂತೂ ಆರ್ಟಿಮಿಸಿನಿನ್ ಮದ್ದುಗಳಿಗೂ (ಆರ್ಟಿಸುನೇಟ್, ಆರ್ಟಿಮೆಥರ್ ಇದೇ ಗುಂಪಿನವು) ರೋಗಾಣು ನಿಧಾನಕ್ಕೆ ಸಾಯತೊಡಗಿತು, ಈಗ ರುವಾಂಡಾ, ಉಗಾಂಡಾದಲ್ಲೂ ಅದೇ ಲಕ್ಷಣ.

ಆಫ್ರಿಕಾದ ಮಲಾವಿ ದೇಶದ್ದು ಮಾತ್ರ ವಿಚಿತ್ರ. 1993ರಲ್ಲಿ ಅಲ್ಲಿ ಕ್ಲೋರೋಕ್ವಿನ್ ನಿಲ್ಲಿಸಿದರು. ಹತ್ತು ಹನ್ನೆರಡು ವರ್ಷದ ನಂತರ ಪರೀಕ್ಷೆ ಮಾಡಿದರೆ ಫಾಲ್ಸಿಪಾರಂ ಮತ್ತೆ ಅದಕ್ಕೆ ಬಗ್ಗುತ್ತಿತ್ತು!

ನಿಮ್ಮ ವಿಷಯಕ್ಕೆ ಬಂದರೆ, ಮೊದಲು ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಈ ಸಲ ವೈವಾಕ್ಸೋ ಫಾಲ್ಸಿಪಾರಮೋ ಕೇಳಿ. ಹೋದ ಸಲದ ಚೀಟಿ ತಗೊಂಡು ಹೋಗಿ, ಎಷ್ಟು ದಿನ ನುಂಗಿದಿರಿ ಅಂತ ನಾಚಿಕೆ ಬಿಟ್ಟು ಹೇಳಿ. ಹಳೇ ಪ್ರಿಮಾಕ್ವಿನ್ ಮಾತ್ರೆ ಉಳಿದಿದೆ ಅಂತ ನೀವಾಗೇ ಶುರು ಮಾಡಬೇಡಿ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಒಂದು ಕಿಣ್ವ) ಕೊರತೆ ಇರುವವರಿಗೆ ಅದು ರಕ್ತಕಣಗಳನ್ನೇ ಒಡೆಯುತ್ತದೆ, ಗರ್ಭಿಣಿಯರಿಗಂತೂ ಕೊಡುವುದೇ ಇಲ್ಲ. ನುಂಗುವಾಗ ಮೂತ್ರ ಕಪ್ಪಗಾದರೆ ನಿಲ್ಲಿಸಿ, ತಕ್ಷಣ ಆಸ್ಪತ್ರೆಗೆ ಹೋಗಿ.