ಮೆಂಬರ್ ಇಲ್ಲದ ಮೂರು ವರ್ಷ

ನೀವು ಕೇಳಿದ್ದು ಇಷ್ಟು: ಚುನಾವಣೆ ಬಂದಾಗ ಎಲ್ಲರೂ ಕೈ ಮುಗೀತಾರೆ, ಆಮೇಲೆ ಯಾರೂ ಕಾಣಲ್ಲ. ನಮ್ಮಂಥವರು ವೋಟು ಹಾಕಿದರೆಷ್ಟು, ಬಿಟ್ಟರೆಷ್ಟು? ನಿಮ್ಮ ಊರಲ್ಲಿ ಏನಾದರೂ ಬದಲಾಗಿದೆಯಾ?

ನಾನು ಹುಬ್ಬಳ್ಳಿಯವನು. ಹಳೇ ಹುಬ್ಬಳ್ಳಿ ಕಡೆ ಮನೆ, ಸಣ್ಣದೊಂದು ಸ್ಟೇಷನರಿ ಅಂಗಡಿ. ಯಾವ ಪಾರ್ಟಿಯವನೂ ಅಲ್ಲ. ದೊಡ್ಡ ಮಾತು ಬರಲ್ಲ, ನಳದಿಂದಲೇ ಶುರು ಮಾಡುತ್ತೇನೆ.

ನಮ್ಮ ಓಣಿಗೆ ನಳ ಬರುವುದು ಏಳೆಂಟು ದಿನಕ್ಕೊಮ್ಮೆ. ಹೆಚ್ಚಾಗಿ ರಾತ್ರಿ ಎರಡು, ಎರಡೂವರೆಗೆ. ಮೊದಲು ಪೈಪಿನಲ್ಲಿ ಗಾಳಿ ಸುಯ್ ಅನ್ನುತ್ತದೆ. ಆ ಸದ್ದಿಗೇ ಅವ್ವ ಎದ್ದು ಕೂರುತ್ತಾಳೆ. ಮೊದಲ ಎರಡು ಕೊಡ ಕೆಂಪು ನೀರು, ಅದು ಗಿಡಕ್ಕೆ. ಆಮೇಲೆ ಬ್ಯಾರಲ್, ಹಂಡೆ, ಕೊನೆಗೆ ಅಡುಗೆಮನೆಯ ಡಬ್ಬಿ ಬೋಗುಣಿ ಎಲ್ಲ. ಇದೇ ಊರಿನ ಕೆಲವು ವಾರ್ಡುಗಳಿಗೆ 2008ರಿಂದ ಇಪ್ಪತ್ನಾಲ್ಕು ತಾಸೂ ನೀರು ಕೊಡಲು ಶುರು ಮಾಡಿದರು, ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ. ನನ್ನ ತಂಗಿಯ ಮನೆ ಇರುವುದು ಅಂಥ ಕಡೆ. ಅಲ್ಲಿಗೆ ಹೋದಾಗಲೆಲ್ಲ ಅವ್ವ ಒಮ್ಮೆ ಸುಮ್ನೆ ನಳ ತಿರುವಿ ನೋಡುತ್ತಾಳೆ. ನೀರು ಬಂದ ಕೂಡಲೇ ಬಂದ್ ಮಾಡುತ್ತಾಳೆ.

ದೊಡ್ಡ ಚುನಾವಣೆಗಳಲ್ಲೂ ನಮ್ಮ ಕಡೆ ಮಾತೆಲ್ಲ ನೀರಿನದೇ. ಮಹದಾಯಿ ನದಿ, ಅದರ ಕಳಸಾ-ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆ ನದಿಗೆ ತಿರುಗಿಸುವ ಯೋಜನೆ. 2015ರಲ್ಲಿ ನರಗುಂದದಲ್ಲಿ ರೈತರು ಧರಣಿ ಕೂತರು. 2018ರ ಆಗಸ್ಟ್‌ನಲ್ಲಿ ಈ ನೀರು ಹಂಚುವ ನ್ಯಾಯಮಂಡಳಿಯ ತೀರ್ಪು ಬಂತು. ಕರ್ನಾಟಕಕ್ಕೆ 13.42 ಟಿಎಂಸಿ ಅಂತ ಭಾಷಣಗಳಲ್ಲಿ ಕೇಳಿರುತ್ತೀರಿ. ಆದರೆ ಅದರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ, 1.5 ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಕಳಸಾ, ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಬಹುದಾದದ್ದು 3.9 ಮಾತ್ರ. ಪ್ರಚಾರದ ಮೈಕಿನಲ್ಲಿ ಈ ಲೆಕ್ಕ ನಾನಂತೂ ಕೇಳಿಲ್ಲ. ಅಷ್ಟಕ್ಕೂ ಆ ನೀರು ನಾಳೆಯೇ ಬಂತು ಅಂದುಕೊಳ್ಳಿ. ನಮ್ಮ ಓಣಿಯ ವಾಲ್ವ್ ಯಾವಾಗ ತಿರುವಬೇಕು, ಒಡೆದ ಪೈಪು ಯಾರು ಕೂಡಿಸಬೇಕು? ಅದನ್ನು ದಿಲ್ಲಿಯವರು ಬಂದು ಮಾಡಲ್ಲ, ಅಲ್ವಾ?

ಅದಕ್ಕೇ ನನ್ನ ಮಟ್ಟಿಗೆ ದೊಡ್ಡ ಚುನಾವಣೆ ಅಂದರೆ ವಾರ್ಡಿಂದು, ಪಾಲಿಕೆಗೆ ಮೆಂಬರ್ ಆರಿಸುವುದು. ಇದು ನನಗೆ ತಿಳಿದದ್ದು ತಡವಾಗಿ. 2013ರ ಪಾಲಿಕೆ ಚುನಾವಣೆಗೆ ನಾನು ವೋಟೇ ಹಾಕಿರಲಿಲ್ಲ. ಗದಗಿನಲ್ಲಿ ಒಂದು ಮದುವೆ ಇತ್ತು. ವಿಧಾನಸಭೆ ಚುನಾವಣೆ ಆಗಿದ್ದರೆ ಊಟ ಬಿಟ್ಟಾದರೂ ಬಂದಿರುತ್ತಿದ್ದೆ.

ಆ ಪಾಲಿಕೆಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು. ಆಮೇಲೆ ಚುನಾವಣೆಯೇ ಇಲ್ಲ! ವಾರ್ಡುಗಳನ್ನು 67ರಿಂದ 82 ಮಾಡಿದರು, ಮೀಸಲಾತಿ ಜಗಳ, ಕೋರ್ಟು, ಕೊರೊನಾ. ವೋಟಿಂಗ್ ನಡೆದದ್ದು 2021ರ ಸೆಪ್ಟೆಂಬರ್ 3ಕ್ಕೆ. ಗೆದ್ದವರಿಗೂ ಕೂಡಲೇ ಕುರ್ಚಿ ಸಿಗಲಿಲ್ಲ. ಮೇಯರ್ ಆಯ್ಕೆ ಆದದ್ದು 2022ರ ಮೇ ತಿಂಗಳಲ್ಲಿ. ಲೆಕ್ಕ ಹಾಕಿ, ಮೂರು ವರ್ಷದ ಮೇಲಾಯಿತು. ಆ ಮೂರು ವರ್ಷ ಬರೀ ಅಧಿಕಾರಿಗಳ ಆಡಳಿತ. ವಿಧಾನಸಭೆ ಇಲ್ಲದೆ ಮೂರು ವರ್ಷ ಕಳೆದಿದ್ದರೆ ಟಿವಿಯವರು ಬಿಡುತ್ತಿದ್ದರಾ? ನಮ್ಮ ಚಹಾದಂಗಡಿಯಲ್ಲಿ ಇದು ಒಂದು ದಿನದ ಮಾತೂ ಆಗಲಿಲ್ಲ. ನಾನೂ ಅಲ್ಲೇ ಗಿರ್ಮಿಟ್ ತಿನ್ನುತ್ತಾ ಕೂತಿರುತ್ತಿದ್ದೆ.

ನನಗೆ ಬಿಸಿ ತಾಗಿದ್ದು ಗಟಾರದಿಂದ. ಅಂಗಡಿ ಮುಂದಿನ ಗಟಾರದ ಮೇಲಿನ ಕಲ್ಲು ಒಡೆದು ಒಳಗೆ ಬಿದ್ದಿತ್ತು. ಮಳೆ ಬಂದರೆ ಹೊಲಸು ನೀರೆಲ್ಲ ಮೆಟ್ಟಿಲ ಮೇಲೆ. ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆ, ಎರಡು ಸಲ. ಮೂರನೇ ಸಲ ಹೋದಾಗ ಅಲ್ಲಿನವರು ಒಬ್ಬರು, "ನಿಮ್ಮ ಏರಿಯಾದ ಮೆಂಬರ್ ಕಡೆಯಿಂದ ಒಂದು ಮಾತು ಹೇಳಿಸ್ರಿ" ಅಂದರು.

"ಸರ, ಈಗ ಮೆಂಬರ್ ಯಾರೂ ಇಲ್ಲಲ್ರಿ."

"ಹಂಗಾರ ಮಾಜಿ ಮೆಂಬರ್ ಕಡೆ ಹೇಳಿಸ್ರಿ."

ನಗು ಬಂತು, ಸಿಟ್ಟೂ ಬಂತು. ಮಾಜಿ ಮೆಂಬರ್ ಯಾರು ಅಂತಲೇ ನನಗೆ ಗೊತ್ತಿರಲಿಲ್ಲ. ಕಡೆಗೆ ನಾವು ನಾಲ್ಕು ಅಂಗಡಿಯವರು ದುಡ್ಡು ಹಾಕಿ ಕಲ್ಲು ಹಾಸಿಕೊಂಡೆವು.

2021ರಲ್ಲಿ ಪ್ರಚಾರಕ್ಕೆ ಬಂದಾಗ ಗಣಪತಿ ಹಬ್ಬ ಹತ್ತಿರವಿತ್ತು. ಒಂದೇ ಸಂಜೆ ಮೂರು ಪಾರ್ಟಿಯವರು ಬಂದು ಹೋದರು. ಒಬ್ಬ ಅಭ್ಯರ್ಥಿ ಅವ್ವನ ಕಾಲಿಗೆ ಬಿದ್ದು, "ಅವ್ವಾರ, ನಿಮ್ಮ ಕಡೆ ನಳ ಎಷ್ಟು ದಿನಕ್ಕೊಮ್ಮೆ ಬರ್ತದ್ರಿ?" ಅಂದ.

ಅವ್ವ ಕೇಳಿದಳು: "ನಿಮ್ಮನ್ಯಾಗ ಎಷ್ಟು ದಿನಕ್ಕೊಮ್ಮೆ ಬರ್ತದೋ ಯಪ್ಪಾ?"

ಆತನಿಗೆ ಗೊತ್ತಿರಲಿಲ್ಲ. ಹಿಂದೆ ನಿಂತವರ ಮುಖ ನೋಡಿದ. ಇನ್ನೊಬ್ಬ ಬಂದಾಗಲೂ ಅವ್ವನದು ಅದೇ ಪ್ರಶ್ನೆ. ಆತ ತಟ್ಟನೆ, "ಎಂಟು ದಿನಕ್ರಿ, ನಿನ್ನೆ ರಾತ್ರಿ ಬಂದಿತ್ತು, ನಾನೇ ತುಂಬಿದೆ" ಅಂದ. ಅವ್ವನ ವೋಟು ಅಲ್ಲೇ ತೀರ್ಮಾನವಾಯಿತು. ಆತ ಗೆದ್ದನೋ ಸೋತನೋ ಹೇಳಲ್ಲ, ಪಾರ್ಟಿ ಯಾವುದು ಅಂತ ಕೇಳುತ್ತೀರಿ.

ವೋಟಿನ ದಿನ ಇನ್ನೊಂದು ತಮಾಷೆ. ವಾರ್ಡು ಒಡೆದಿದ್ದರಿಂದ ನನ್ನ ಹೆಸರು ಒಂದು ವಾರ್ಡಿನಲ್ಲಿ, ಅವ್ವನ ಹೆಸರು ಪಕ್ಕದ ವಾರ್ಡಿನಲ್ಲಿ. ಒಂದೇ ಮನೆ, ಒಂದೇ ನಳ, ಇಬ್ಬರು ಮೆಂಬರ್! ವಿಧಾನಸಭೆಯ ಪಟ್ಟಿಯನ್ನೇ ಒಡೆದು ವಾರ್ಡಿನ ಪಟ್ಟಿ ಮಾಡುತ್ತಾರೆ, ಒಡೆಯುವಾಗ ಹೀಗೆಲ್ಲ ಆಗುತ್ತದೆ. ಆ ಸಲ ಊರಲ್ಲಿ ವೋಟು ಹಾಕಿದವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 2024ರ ಲೋಕಸಭೆಗೆ ಧಾರವಾಡ ಕ್ಷೇತ್ರದಲ್ಲಿ ನೂರಕ್ಕೆ 74 ಜನ ಹಾಕಿದ್ದಾರೆ.

ಮುಂದಿನ ಸಲ ಗೊಂದಲ ಇನ್ನೂ ಇರಬಹುದು. 1962ರಿಂದ ಹುಬ್ಬಳ್ಳಿ, ಧಾರವಾಡ ಎರಡೂ ಊರಿಗೆ ಒಂದೇ ಪಾಲಿಕೆ. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಮತ್ತೆ ಗಡಿ ಹಾಕುತ್ತಾರೆ ಅಂತಲೇ ನನ್ನ ಅಂದಾಜು. ನೀವು ಈ ಕಡೆಯವರಾಗಿದ್ದರೆ ಪಟ್ಟಿ ಬಂದ ಕೂಡಲೇ ಮನೆಯವರೆಲ್ಲರ ಹೆಸರು ನೋಡಿಕೊಳ್ಳಿ. ವಿಧಾನಸಭೆಯ ಪಟ್ಟಿಯಲ್ಲೇ ತಪ್ಪಿದ್ದರೆ ತಿದ್ದಲು ಫಾರಂ 8, ಹೆಸರೇ ಇಲ್ಲದಿದ್ದರೆ ಫಾರಂ 6. ವೋಟಿನ ದಿನ ಬೂತಿನ ಮುಂದೆ ಜಗಳ ಆಡಿದರೆ ಏನೂ ಆಗಲ್ಲ.

ಬದಲಾಗಿದೆಯಾ ಅಂದಿರಲ್ಲ? ಎಂಟು ದಿನ ಎರಡು ದಿನ ಆಗಿಲ್ಲ. ಈಗ ನೀರು ಬಿಡುವ ಮುಂಚೆ ಓಣಿಯ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬರುತ್ತದೆ. ಅಷ್ಟಕ್ಕೇ ನಾವು ಹನ್ನೆರಡು ಮನೆಯವರು ಮೆಂಬರ್ ಮನೆಗೆ ನಾಲ್ಕು ಸಲ ಹೋಗಬೇಕಾಯಿತು. ನಾಲ್ಕನೇ ಸಲ ಆತನೇ ಚಹಾ ಮಾಡಿಸಿದ. ಒಬ್ಬನೇ ಅರ್ಜಿ ಹಿಡಿದು ಅಲೆದಾಗ ನನಗೆ ನೀರೂ ಕೊಟ್ಟವರಿರಲಿಲ್ಲ.

ಮೆಂಬರ್ ನಂಬರನ್ನು ಅವ್ವ ತನ್ನ ಫೋನಿನಲ್ಲಿ 'ನಳ' ಅಂತ ಸೇವ್ ಮಾಡಿಸಿಕೊಂಡಿದ್ದಾಳೆ. ಮೆಸೇಜ್ ಬಂದ ರಾತ್ರಿಯೂ ಪೈಪು ಸುಯ್ ಅಂದಾಗಲೇ ಏಳುವುದು. ಮೆಸೇಜ್ ಮೇಲೆ ಆಕೆಗೆ ಇನ್ನೂ ನಂಬಿಕೆ ಬಂದಿಲ್ಲ.