ಡಿಗ್ರಿಗೆ ಪತ್ರಿಕೋದ್ಯಮ ತಗೊಳ್ಳಲಾ? ಕಾಲೇಜಿನಲ್ಲಿ ಏನು ನೋಡಬೇಕು?

ಪಿಯುಸಿ ಫಲಿತಾಂಶ ಬಂದ ಕೂಡಲೇ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಬಗ್ಗೆ ಕೇಳುವವರು ಜಾಸ್ತಿಯಾಗುತ್ತಾರೆ. ಈ ಸಲ ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದನೆಯ ಉತ್ತರವೇ ಬೇಕು.

ಪ್ರಶ್ನೆ: ಸರ್, ನಾನು ಸೈನ್ಸ್‌ನಲ್ಲಿ ಪಿಯುಸಿ ಮುಗಿಸಿದ್ದೇನೆ. ಆದರೆ ನನಗೆ ಬರೆಯೋದು, ಜನರ ಜತೆ ಮಾತಾಡೋದು ಇಷ್ಟ. ಪತ್ರಿಕೋದ್ಯಮ ಓದುತ್ತೇನೆ ಅಂದರೆ ಅಪ್ಪ ‘ಪೇಪರ್ ಓದೋಕೆ ಮೂರು ವರ್ಷ ಯಾಕೆ ಬೇಕು?’ ಅಂತಾರೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿಗೆ ಹೋಗಿದ್ದೆವು. ದೊಡ್ಡ ಸ್ಟುಡಿಯೊ ತೋರಿಸಿದರು, ಫೀಸ್ ನಮ್ಮ ಕೈಗೆ ಎಟುಕುವಂಥದ್ದಲ್ಲ. ನಮ್ಮ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ, ಕನ್ನಡದ ಜತೆ ಪತ್ರಿಕೋದ್ಯಮ ಇದೆ, ಸ್ಟುಡಿಯೊ ಇಲ್ಲ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಎಲ್ಲಿಗೆ ಸೇರಲಿ? ಕೆಲಸ ಸಿಗುತ್ತಾ? — ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಅಪ್ಪನ ಪ್ರಶ್ನೆಯಿಂದಲೇ ಶುರು ಮಾಡೋಣ. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಹೊರಗಿನಿಂದ ನೋಡಿದವರಿಗೆ ಇದರಲ್ಲಿ ಕಲಿಯೋಕೆ ಏನಿದೆ ಅಂತ ಗೊತ್ತಾಗುವುದಿಲ್ಲ. ಇದು ನಿನ್ನೆ ಮೊನ್ನೆ ಬಂದ ವಿಷಯವಲ್ಲ ಅಂತ ಅವರಿಗೆ ಹೇಳಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ವಿಭಾಗ ಶುರು ಮಾಡಿದ್ದು 1951ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ರಾಜ್ಯದಲ್ಲಿ ಇದನ್ನು ಕಲಿಸುತ್ತಲೇ ಬಂದಿದ್ದಾರೆ.

ಏನು ಕಲಿಸುತ್ತಾರೆ ಅನ್ನುವುದಕ್ಕೆ ನಿಮ್ಮ ಊರಿನದೇ ಉದಾಹರಣೆ ತಗೊಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಂದಿಲ್ಲ ಅನ್ನುವ ಸುದ್ದಿಯನ್ನು ನೀವು ಚಿಕ್ಕಂದಿನಿಂದ ಓದಿರುತ್ತೀರಿ. ರೈತರು ಧರಣಿ ಕೂತರು, ಅಧಿಕಾರಿ ಬಂದು ಭರವಸೆ ಕೊಟ್ಟರು. ಅಲ್ಲಿಗೆ ಸುದ್ದಿ ಮುಗಿಯಿತು. ಇಷ್ಟು ಬರೆಯೋಕೆ ಡಿಗ್ರಿ ಬೇಕಿಲ್ಲ, ನಿಜ. ಆದರೆ ಕೆಲಸ ಕಲಿತವರ ಪ್ರಶ್ನೆಗಳು ಅಲ್ಲಿಂದಲೇ ಶುರುವಾಗುತ್ತವೆ. ಕಾಲುವೆಗೆ ಎಷ್ಟು ಕ್ಯುಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ) ನೀರು ಬಿಟ್ಟರು? ಯಾವ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿತ್ತು? ಮೇಲ್ಭಾಗದಲ್ಲಿ ಯಾವ ಬೆಳೆಗೆ ಅನುಮತಿ ಇತ್ತು, ಎಷ್ಟು ಎಕರೆಯಲ್ಲಿ ಭತ್ತ ನಾಟಿಯಾಯಿತು? ಅಧಿಕಾರಿ ಹೇಳಿದ ಲೆಕ್ಕಕ್ಕೂ ಕಚೇರಿಯ ಪುಸ್ತಕದಲ್ಲಿರುವ ಲೆಕ್ಕಕ್ಕೂ ತಾಳೆ ಇದೆಯಾ? ಬಾಯಿಮಾತಲ್ಲಿ ಹೇಳಲಿಲ್ಲ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಒಳ್ಳೆಯ ಮೇಷ್ಟ್ರು ಮೊದಲ ವರ್ಷವೇ ಮಕ್ಕಳ ಕೈಯಲ್ಲಿ ಇಂಥ ಒಂದು ಅರ್ಜಿ ಹಾಕಿಸುತ್ತಾರೆ.

ಇದೆಲ್ಲ ಕೈಗೆ ಬಂದ ಮೇಲೆ, ಆ ಕೊನೆ ಭಾಗದ ರೈತನಿಗೂ ಬೆಂಗಳೂರಿನ ಓದುಗನಿಗೂ ಅರ್ಥವಾಗುವ ಹಾಗೆ ಮುನ್ನೂರು ಪದದಲ್ಲಿ ಬರೆಯಬೇಕು. ಬರೆದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಮೂರು ವರ್ಷ ಇದಕ್ಕೇ ಬೇಕು. ನೀವು ಸೈನ್ಸ್ ಓದಿದ್ದೂ ವ್ಯರ್ಥವಾಗುವುದಿಲ್ಲ. ಅಂಕಿ ಅಂಶ ನೋಡಿದರೆ ಹೆದರದ ವರದಿಗಾರರು ನಮ್ಮಲ್ಲಿ ಕಮ್ಮಿ. ಆರೋಗ್ಯ, ಕೃಷಿ, ಪರಿಸರದ ಬಗ್ಗೆ ಕನ್ನಡದಲ್ಲಿ ಸರಿಯಾಗಿ ಬರೆಯುವವರು ಇನ್ನೂ ಕಮ್ಮಿ.

ಕೋರ್ಸ್‌ನ ಹೆಸರಲ್ಲಿ ‘ಸಂವಹನ’ ಅಂತಲೂ ಇದೆ ಅಲ್ವಾ? ಅದರ ಕಡೆ ತುಂಬಾ ಜನ ಗಮನ ಕೊಡುವುದಿಲ್ಲ. ಅದಕ್ಕೂ ನಿಮ್ಮ ಜಿಲ್ಲೆಯಲ್ಲೇ ಒಂದು ಕಥೆ ಇದೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ನಾಸಾದ ಒಂದು ಉಪಗ್ರಹವನ್ನು ಎರವಲು ಪಡೆದು ಇಸ್ರೊ ಒಂದು ಪ್ರಯೋಗ ನಡೆಸಿತು. ‘ಸೈಟ್’ ಅಂತ ಅದರ ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ದೊಡ್ಡ ತಟ್ಟೆಯ ಆಂಟೆನಾ ಕೂರಿಸಿ ಟಿವಿ ಇಟ್ಟರು. ಕರ್ನಾಟಕದಲ್ಲಿ ಆಯ್ಕೆಯಾದವು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲ ಕನ್ನಡದಲ್ಲೇ ಬರುತ್ತಿತ್ತು. ನನಗೆ ಮುಖ್ಯ ಅನ್ನಿಸುವುದು ಉಪಗ್ರಹವಲ್ಲ. ಜನ ನೋಡಿದ್ದರಲ್ಲಿ ಏನು ಅರ್ಥ ಮಾಡಿಕೊಂಡರು, ಏನನ್ನು ಹೊಲದಲ್ಲಿ ಮಾಡಿ ನೋಡಿದರು ಅಂತ ತಿಳಿಯೋಕೆ ಸಂಶೋಧಕರು ಹಳ್ಳಿಗಳಲ್ಲೇ ಉಳಿದುಕೊಂಡರು. ಹೇಳಿದ್ದು ಕೇಳುವವರಿಗೆ ಮುಟ್ಟಿತಾ ಅಂತ ಹೋಗಿ ನೋಡುವುದು ಈ ವಿದ್ಯೆಯ ಅರ್ಧ ಭಾಗ. ಅಭಿವೃದ್ಧಿ ಸಂವಹನದ ಪೇಪರ್‌ನಲ್ಲಿ ‘ಸೈಟ್’ ಬಗ್ಗೆ ಐದು ಅಂಕದ ಪ್ರಶ್ನೆ ಬರಬಹುದು. ದಯವಿಟ್ಟು ಅದನ್ನು ಐದು ಅಂಕಕ್ಕೆ ಮಾತ್ರ ಓದಬೇಡಿ. ನಿಮ್ಮ ಜಿಲ್ಲೆಯಲ್ಲಿ ಆ ಟಿವಿ ನೋಡಿದ ಹಿರಿಯರು ಈಗಲೂ ಇರಬಹುದು. ಹುಡುಕಿ ಮಾತಾಡಿಸಿ. ಅದೇ ನಿಮ್ಮ ಮೊದಲ ವರದಿಯಾಗಲಿ.

ಈಗ ಕಾಲೇಜಿನ ವಿಷಯ. ಸ್ಟುಡಿಯೊ ನೋಡಿ ಸೇರಬೇಡಿ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಎಷ್ಟೋ ಕಡೆ ಆ ಕೋಣೆಯ ಬಾಗಿಲು ತೆಗೆಯುವುದು ಅಡ್ಮಿಷನ್ ಟೈಮಲ್ಲಿ ಮತ್ತು ಪರಿಶೀಲನಾ ತಂಡ ಬಂದಾಗ ಮಾತ್ರ. ಯಾವ ಕಾಲೇಜಿಗೆ ಹೋದರೂ ಮೊದಲು ಕೇಳಬೇಕಾದ್ದು, ‘ನಿಮ್ಮ ಪ್ರಾಯೋಗಿಕ ಪತ್ರಿಕೆಯ ಕಳೆದ ಸಂಚಿಕೆ ಕೊಡ್ತೀರಾ?’ ಅಂತ. ಲ್ಯಾಬ್ ಜರ್ನಲ್ ಅಂತಲೂ ಅನ್ನುತ್ತಾರೆ. ವಿದ್ಯಾರ್ಥಿಗಳೇ ವರದಿ ಮಾಡಿ, ತಿದ್ದಿ, ಪುಟ ಕಟ್ಟಿ ತರುವ ಪತ್ರಿಕೆ ಅದು. ತಂದುಕೊಟ್ಟರೆ ಓದಿ. ಪ್ರಾಂಶುಪಾಲರ ಫೋಟೊ, ಕಾಲೇಜಿನ ವಾರ್ಷಿಕೋತ್ಸವವೇ ತುಂಬಿದ್ದರೆ ಅಲ್ಲಿ ಕಲಿಸುವುದು ಕಮ್ಮಿ. ಊರಿನ ಬಸ್ ಸ್ಟ್ಯಾಂಡ್, ಸಂತೆ, ಹಾಸ್ಟೆಲ್ ನೀರು, ಆಸ್ಪತ್ರೆಯ ಸುದ್ದಿ ಇದ್ದರೆ, ಅದು ನಾಲ್ಕೇ ಪುಟದ ಜೆರಾಕ್ಸ್ ಆದರೂ, ಅಲ್ಲಿ ಯಾರೋ ಒಬ್ಬರು ಮನಸಿಟ್ಟು ಕಲಿಸುತ್ತಿದ್ದಾರೆ ಅಂತ ಅರ್ಥ.

ಆಮೇಲೆ ಮೂರನೇ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕ್ಯಾಂಟೀನ್‌ನಲ್ಲಿ ಹಿಡಿದು ಮಾತಾಡಿಸಿ. ಇಂಟರ್ನ್‌ಶಿಪ್‌ಗೆ ಎಲ್ಲಿಗೆ ಹೋಗಿದ್ರಿ, ಅಲ್ಲಿ ಏನು ಮಾಡಿಸಿದರು, ನೀವು ಬರೆದದ್ದನ್ನು ಮೇಷ್ಟ್ರು ಕೆಂಪು ಪೆನ್ನಲ್ಲಿ ತಿದ್ದಿ ಕೊಡ್ತಾರಾ ಅಂತ ಕೇಳಿ. ಸರ್ಕಾರಿ ಕಾಲೇಜುಗಳಲ್ಲಿ ಒಂದು ತೊಂದರೆ ಇದ್ದೇ ಇದೆ. ಪತ್ರಿಕೋದ್ಯಮ ಹೆಚ್ಚಾಗಿ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತದೆ. ಅವರ ನೇಮಕ ತಡವಾದರೆ ಸೆಮಿಸ್ಟರ್‌ನ ಮೊದಲ ತಿಂಗಳುಗಳು ಪಾಠವಿಲ್ಲದೆ ಹೋಗುತ್ತವೆ. ಹೋದ ವರ್ಷ ಪಾಠ ಯಾವಾಗ ಶುರುವಾಯಿತು ಅಂತ ಆ ವಿದ್ಯಾರ್ಥಿಗಳನ್ನೇ ಕೇಳಿ.

ಉತ್ತರಗಳು ಪರವಾಗಿಲ್ಲ ಅನ್ನಿಸಿದರೆ ನಿಮ್ಮ ಹತ್ತಿರದ ಸರ್ಕಾರಿ ಕಾಲೇಜಿಗೇ ಸೇರಿ. ಸಾಲ ಮಾಡಿ ಬೆಂಗಳೂರಿಗೆ ಹೋಗಬೇಡಿ. ನಾಲ್ಕು ವರ್ಷದ ಪದವಿ ಪದ್ಧತಿಯನ್ನು ರಾಜ್ಯ ಸರ್ಕಾರ 2024–25ರಿಂದ ಕೈಬಿಟ್ಟಿದೆ, ಹಾಗಾಗಿ ನಿಮ್ಮದು ಮೂರು ವರ್ಷದ ಬಿಎ. ಉಳಿದ ದುಡ್ಡಲ್ಲಿ ಒಂದು ಲ್ಯಾಪ್‌ಟಾಪ್ ತಗೊಳ್ಳಿ. ರಜೆಯಲ್ಲಿ ಜಿಲ್ಲಾ ಕೇಂದ್ರದ ಪತ್ರಿಕಾ ಕಚೇರಿಯಲ್ಲಿ ಕೂತು ಕೆಲಸ ಕಲಿಯಿರಿ. ದೊಡ್ಡ ವಿಭಾಗದಲ್ಲಿ ಓದುವ ಆಸೆಯನ್ನು ಎಂಎಗೆ ಇಟ್ಟುಕೊಳ್ಳಿ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಕಲಬುರಗಿ, ಧಾರವಾಡ, ಮೈಸೂರು, ಮಂಗಳೂರು ಎಲ್ಲ ಕಡೆ ಪತ್ರಿಕೋದ್ಯಮದ ಸ್ನಾತಕೋತ್ತರ ವಿಭಾಗ ಇದೆ.

ಕನ್ನಡ ಮಾಧ್ಯಮ ಅಂತ ಹಿಂಜರಿಯಬೇಡಿ. ಈ ಕೆಲಸಕ್ಕೆ ನಿಮ್ಮ ಕನ್ನಡವೇ ಬಂಡವಾಳ. ಆದರೆ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಬರಲೇಬೇಕು. ಕೋರ್ಟ್ ತೀರ್ಪು, ಸರ್ಕಾರದ ವರದಿಗಳು ಬಹುಪಾಲು ಆ ಭಾಷೆಯಲ್ಲೇ ಇರುತ್ತವೆ. ದಿನಾ ಒಂದು ಇಂಗ್ಲಿಷ್ ಸುದ್ದಿ ಓದಿ, ಅದನ್ನು ನೋಡದೆ ಕನ್ನಡದಲ್ಲಿ ಬರೆಯಿರಿ. ಸುದ್ದಿ ತಿದ್ದುವ ವಿಭಾಗವಾದ ಡೆಸ್ಕ್‌ನಲ್ಲಿ ಹೊಸಬರಿಗೆ ಮೊದಲು ಕೊಡುವ ಕೆಲಸವೂ ಹೆಚ್ಚುಕಮ್ಮಿ ಇದೇ. ಕನ್ನಡ ಟೈಪಿಂಗ್ ಈಗಲೇ ಕಲಿಯಿರಿ. ನುಡಿ ತಂತ್ರಾಂಶ, ಮೊಬೈಲ್ ಮತ್ತು ವೆಬ್‌ನಲ್ಲಿ ಬಳಸುವ ಯೂನಿಕೋಡ್ ಅಕ್ಷರ, ಎರಡೂ ಗೊತ್ತಿರಲಿ. ಕೀಬೋರ್ಡ್ ನೋಡದೆ ಟೈಪ್ ಮಾಡುವವರನ್ನು ಯಾವ ಕಚೇರಿಯೂ ಬೇಡ ಅನ್ನುವುದಿಲ್ಲ.

ಕೆಲಸದ ಬಗ್ಗೆ ಸುಮ್ನೆ ಆಸೆ ಹುಟ್ಟಿಸಲಾರೆ. ಪತ್ರಿಕೆ, ಟಿವಿಯಲ್ಲಿ ಶುರುವಿನ ಸಂಬಳ ಕಮ್ಮಿ. ತಾಲ್ಲೂಕು ಮಟ್ಟದ ಅರೆಕಾಲಿಕ ವರದಿಗಾರರಿಗೆ ಅದರಿಂದಲೇ ಮನೆ ನಡೆಸೋಕಾಗುವುದಿಲ್ಲ. ಆದರೆ ಈ ಓದಿಗೆ ಸುದ್ದಿಮನೆ ಒಂದೇ ದಾರಿಯಲ್ಲ. ಸರ್ಕಾರದ ಆರೋಗ್ಯ, ಕೃಷಿ ಯೋಜನೆಗಳ ಪ್ರಚಾರ ವಿಭಾಗ, ಸ್ವಯಂಸೇವಾ ಸಂಸ್ಥೆಗಳು, ಜಾಹೀರಾತು ಏಜೆನ್ಸಿ, ಕನ್ನಡಕ್ಕೆ ಬರುತ್ತಿರುವ ಡಬ್ಬಿಂಗ್ ಮತ್ತು ಸಬ್‌ಟೈಟಲ್, ಆಡಿಯೊ ಪುಸ್ತಕ, ಸುಳ್ಳುಸುದ್ದಿ ಪತ್ತೆ ಮಾಡುವ ತಂಡಗಳು, ಎಲ್ಲ ಕಡೆಯೂ ಒಳ್ಳೆಯ ಕನ್ನಡ ಬರೆಯುವವರು ಬೇಕು. ಅಪ್ಪನಿಗೆ ಇದನ್ನು ಹೀಗೇ ಹೇಳಿ. ಮೊದಲ ಎರಡು ಮೂರು ವರ್ಷ ಬಿಗಿಯಾಗಿರುತ್ತದೆ ಅನ್ನುವುದನ್ನೂ ಮುಚ್ಚಿಡಬೇಡಿ.

ಪ್ರಶ್ನೆ: ನಮ್ಮ ಮಗ ಬಿಎಯಲ್ಲಿ ಪತ್ರಿಕೋದ್ಯಮ ಬೇಕು ಅಂತ ಹಟ ಹಿಡಿದಿದ್ದಾನೆ. ನಾಳೆ ಮನಸ್ಸು ಬದಲಾದರೆ ಬಿ.ಎಡ್ ಮಾಡಿ ಮೇಷ್ಟ್ರಾಗೋಕೆ, ಕೆಎಎಸ್ ಬರೆಯೋಕೆ ಆಗುತ್ತಾ? — ಗೃಹಿಣಿ, ಶಿವಮೊಗ್ಗ

ಉತ್ತರ: ಕೆಎಎಸ್‌ಗೆ ಯಾವ ಪದವಿಯಾದರೂ ನಡೆಯುತ್ತದೆ ಅಮ್ಮ, ಚಿಂತೆ ಬೇಡ. ಹೈಸ್ಕೂಲ್ ಮೇಷ್ಟ್ರ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಪತ್ರಿಕೋದ್ಯಮ ಶಾಲೆಯಲ್ಲಿ ಕಲಿಸುವ ವಿಷಯವಲ್ಲ. ಅದಕ್ಕೇ ಅದರ ಜತೆಗಿರುವ ಇನ್ನೆರಡು ವಿಷಯಗಳನ್ನು ನೋಡಿ ಆರಿಸಿ. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ, ಇಂಗ್ಲಿಷ್ ಇಂಥವು ಇದ್ದರೆ ಬಿ.ಎಡ್ ಬಾಗಿಲು ತೆರೆದಿರುತ್ತದೆ. ಪತ್ರಿಕೋದ್ಯಮ ಒಂದನ್ನೇ ಮುಖ್ಯವಾಗಿಟ್ಟ ಪ್ರತ್ಯೇಕ ಪದವಿಗಳೂ ಇವೆ. ಅವಕ್ಕೆ ಸೇರುವ ಮುಂಚೆ ಬಿ.ಎಡ್ ಅರ್ಹತೆ ಏನು ಅಂತ ವಿಶ್ವವಿದ್ಯಾಲಯದಲ್ಲೇ ವಿಚಾರಿಸಿ. ಕಾಲೇಜು ಅಧ್ಯಾಪಕರಾಗುವ ದಾರಿ ಬೇರೆ. ಪತ್ರಿಕೋದ್ಯಮದಲ್ಲಿ ಎಂಎ ಮಾಡಿ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆಸೆಟ್ (ರಾಜ್ಯದ್ದು) ಪಾಸಾಗಬೇಕು, ಎರಡರಲ್ಲೂ ಈ ವಿಷಯ ಇದೆ.

ಹಟ ಅಂದಿರಿ. ನನ್ನ ಅನುಭವದಲ್ಲಿ ಈ ವಿಷಯ ಹಟ ಹಿಡಿದು ತಗೊಂಡವರೇ ಚೆನ್ನಾಗಿ ಕಲಿಯುತ್ತಾರೆ. ಬೇರೆಲ್ಲೂ ಸೀಟ್ ಸಿಗದೆ ಬಂದವರು ಮೂರು ವರ್ಷ ಹೇಗೋ ಕಳೆದು ಹೋಗುತ್ತಾರೆ.

ಪ್ರಶ್ನೆ: ನನ್ನದು ಒಂದು ಯೂಟ್ಯೂಬ್ ಚಾನೆಲ್ ಇದೆ. ನಮ್ಮೂರಿನ ಸುದ್ದಿ ಹಾಕುತ್ತೇನೆ, ಜನ ನೋಡುತ್ತಾರೆ. ನನಗೆ ಈ ಡಿಗ್ರಿ ಯಾಕೆ? — ಬಿ.ಕಾಂ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಡಿಗ್ರಿ ಬೇಕೇ ಬೇಕು ಅಂತ ಹೇಳುವುದಿಲ್ಲ, ಬಿ.ಕಾಂ ಮುಂದುವರಿಸಿ. ಆದರೆ ಆ ಕೋರ್ಸ್‌ನ ಒಂದು ಪೇಪರನ್ನು ನೀವು ಓದಲೇಬೇಕು, ಅದು ಮಾಧ್ಯಮ ಕಾನೂನು. ಊರಲ್ಲಿ ಒಂದು ಹೆಣ್ಣುಮಗುವಿನ ಮೇಲೆ ದೌರ್ಜನ್ಯ ಆಯಿತು ಅಂದುಕೊಳ್ಳಿ. ನೀವು ನ್ಯಾಯ ಸಿಗಲಿ ಅಂತಲೇ ವಿಡಿಯೊ ಹಾಕುತ್ತೀರಿ. ಮಗುವಿನ ಮುಖ ಮಸುಕು ಮಾಡಿದ್ದೀರಿ. ಆದರೆ ಮನೆಯ ಮುಂದೆ ನಿಂತು ಮಾತಾಡಿದ್ದೀರಿ, ಶಾಲೆಯ ಹೆಸರು ಹೇಳಿದ್ದೀರಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಇದು ಅಪರಾಧ. ಹೆಸರು, ಫೋಟೊ ಮಾತ್ರವಲ್ಲ, ವಿಳಾಸ, ಕುಟುಂಬ, ಶಾಲೆ, ಅಕ್ಕಪಕ್ಕದ ಜಾಗ ಹೀಗೆ ಮಗು ಯಾರು ಅಂತ ಗೊತ್ತಾಗುವ ಯಾವ ವಿವರವನ್ನೂ ಹೇಳುವಂತಿಲ್ಲ. ಇದು ದೊಡ್ಡ ಚಾನೆಲ್‌ಗೂ ನಿಮಗೂ ಒಂದೇ. ಶಿಕ್ಷೆಯ ಮಾತು ಆಮೇಲೆ. ಮೊದಲು ಆ ಮಗು ನಾಳೆ ಅದೇ ಬೀದಿಯಲ್ಲಿ ನಡೆದು ಶಾಲೆಗೆ ಹೋಗಬೇಕು ಅಲ್ವಾ?

ಮಾನನಷ್ಟ, ಕಾಪಿರೈಟ್, ನ್ಯಾಯಾಂಗ ನಿಂದನೆ ಇವೂ ಅದೇ ಪೇಪರ್‌ನಲ್ಲಿ ಬರುತ್ತವೆ. ಯಾರ ಮೇಲಾದರೂ ಆರೋಪ ಬಂದರೆ ಅವರ ಮಾತನ್ನೂ ಕೇಳಿ ಹಾಕಬೇಕು ಅನ್ನುವ ಅಭ್ಯಾಸವನ್ನು ಇವತ್ತೇ ಶುರು ಮಾಡಿ. ಬಿ.ಕಾಂ ಓದುತ್ತಿದ್ದೀರಿ, ಪಾಲಿಕೆಯ ಬಜೆಟ್ ಓದೋಕೆ ಬರುತ್ತದೆ. ನಿಮ್ಮ ಚಾನೆಲ್‌ನಲ್ಲಿ ಅದನ್ನು ಬಿಡಿಸಿ ಹೇಳಿದರೆ ಊರಿಗೆ ದೊಡ್ಡ ಉಪಕಾರ.

ಪ್ರಶ್ನೆ: ನನಗೆ ಕ್ಯಾಮೆರಾ ಅಂದ್ರೆ ಪ್ರಾಣ. ಸಿನಿಮಾ ಛಾಯಾಗ್ರಾಹಕ ಆಗಬೇಕು. ಪತ್ರಿಕೋದ್ಯಮ ಬಿಎ ಮಾಡಲಾ? — ವಿದ್ಯಾರ್ಥಿ, ತುಮಕೂರು

ಉತ್ತರ: ಸಿನಿಮಾ ಕ್ಯಾಮೆರಾ ಒಂದೇ ಗುರಿ ಅಂದರೆ ಬಿಎ ಸುತ್ತು ದಾರಿ. ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಛಾಯಾಗ್ರಹಣ ಮತ್ತು ಧ್ವನಿಗ್ರಹಣದಲ್ಲಿ ಡಿಪ್ಲೊಮಾ ಕೊಡುತ್ತಾರೆ, ಅದಕ್ಕೆ ಪದವಿ ಬೇಕಿಲ್ಲ. ಹಿಂದೆ ಈ ಕೋರ್ಸ್ ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿತ್ತು. ಗುರುದತ್ ಚಿತ್ರಗಳ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ ಅಲ್ಲೇ ಕಲಿತವರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಗೋವಿಂದ ನಿಹಲಾನಿ ಕೂಡ ಅಲ್ಲಿಯ ವಿದ್ಯಾರ್ಥಿ.

ಪುಣೆಯಲ್ಲಿರುವ ಕೇಂದ್ರ ಸರ್ಕಾರದ ಸಿನಿಮಾ ಸಂಸ್ಥೆ ಎಫ್‌ಟಿಐಐ ಕನಸಿದ್ದರೆ ಲೆಕ್ಕ ಬೇರೆ. ಅಲ್ಲಿ ಛಾಯಾಗ್ರಹಣದ ಮುಖ್ಯ ಕೋರ್ಸ್‌ಗೆ ಪದವಿ ಆಗಿರಬೇಕು, ಯಾವ ಪದವಿಯಾದರೂ ಸರಿ. ಆಗ ಬಿಎ ಮಾಡುವುದರಲ್ಲಿ ಅರ್ಥ ಇದೆ. ಮೂರು ವರ್ಷ ಕೈಯಲ್ಲಿರುವ ಮೊಬೈಲ್‌ನಲ್ಲೇ ದಿನಾ ಫೋಟೊ ತೆಗೆಯಿರಿ. ಒಂದೇ ಜಾಗವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆದು ಬೆಳಕು ಹೇಗೆ ಬದಲಾಯಿತು ಅಂತ ಬರೆದಿಡಿ. ಅರ್ಜಿ ಹಾಕುವ ಕೊನೆಯ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. ಎರಡೂ ಸಂಸ್ಥೆಗಳ ಪ್ರಕಟಣೆಯನ್ನು ನೀವೇ ನೋಡುತ್ತಿರಿ, ಏಜೆಂಟರಿಗೆ ದುಡ್ಡು ಕೊಡಬೇಡಿ.